ಕಾಂಡೋ ಆಗೋ ಬಿಲ್ಡಿಂಗ್‌ನಿಂದ ಹೊರಬಿದ್ದು ಬಾಸ್ಟನ್ ಹತ್ರ ಮನೆ ಹುಡುಕಿದ್ದು: ಬ್ರೋಕರ್ ಸರ್ವೀಸ್ ರಿವ್ಯೂ, 3/5

ನಾವಿದ್ದ ಬಿಲ್ಡಿಂಗ್‌ನ ಓನರ್ ಎಲ್ಲಾ ಕಾಂಡೋ (ಅಂದ್ರೆ ಒಂದೊಂದು ಮನೆಗೂ ಬೇರೆ ಬೇರೆ ಓನರ್ ಇರೋ ಫ್ಲಾಟ್) ಮಾಡಿ ಒಂದೊಂದಾಗಿ ಮಾರ್ತೀವಿ ಅಂದ್ಬಿಟ್ರು, ಹಾಗಾಗಿ ಬಾಸ್ಟನ್ ಪಕ್ಕದ ಮಾಲ್ಡನ್ ಕಡೆಯ ಒಬ್ಬ ಬ್ರೋಕರ್ ಹಿಡಿದ್ವಿ, ಹೆಸರು ಬೇಡ ಬಿಡಿ. ಮನುಷ್ಯ ಚುರುಕು, ಫೋನ್ ಮಾಡಿದ್ರೆ ಎತ್ತುತ್ತಾರೆ, ಆರೆಂಜ್ ಲೈನ್ (ಇಲ್ಲಿನ ಮೆಟ್ರೋ ರೈಲು) ಸ್ಟೇಷನ್‌ಗೆ ನಡೆದು ಹೋಗೋ ಮನೆಗಳನ್ನೇ ತೋರಿಸಿದ್ರು. ಅದಕ್ಕೆ ಮೂರು ಸ್ಟಾರ್.

ಉಳಿದ ಎರಡು ಯಾಕೆ ಕಟ್ ಅಂದ್ರೆ, ಬಾಡಿಗೆದಾರರ ಹಕ್ಕಿನ ಬಗ್ಗೆ ಬಾಯೇ ಬಿಡಲ್ಲ, ಬರೀ "ಬೇಗ ಸೈನ್ ಮಾಡಿ, ಮನೆ ಹೋಗ್ಬಿಡತ್ತೆ" ಅಂತ ಒಂದೇ ರಾಗ. ಬಾಸ್ಟನ್ ಇರೋ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ 1983ರ ಕಾನೂನು ಇದೆ ಕಣ್ರೀ, ನಾಲ್ಕು ಅಥವಾ ಜಾಸ್ತಿ ಮನೆ ಇರೋ ಬಿಲ್ಡಿಂಗ್ ಕಾಂಡೋ ಮಾಡ್ಬೇಕಾದ್ರೆ ಬಾಡಿಗೆಯವ್ರಿಗೆ 1 ವರ್ಷ ಮುಂಚೆ ನೋಟಿಸ್ ಕೊಡ್ಬೇಕು, ವಯಸ್ಸಾದವ್ರು, ಅಂಗವಿಕಲರು, ಕಡಿಮೆ ಆದಾಯದವ್ರಿಗೆ 2 ವರ್ಷ, ಮನೆ ಕೊಳ್ಳೋ ಮೊದಲ ಅವಕಾಶವೂ ನಮಗೇ, ಸಾಗಾಟದ ಖರ್ಚೂ ಸ್ವಲ್ಪ ಸಿಗತ್ತೆ. ಕೆಲವು ಊರುಗಳಲ್ಲಿ ಇದಕ್ಕಿಂತ ಬಿಗಿ ರೂಲ್ಸ್ ಇವೆ, ಸಿಟಿ ಹಾಲ್‌ನಲ್ಲೇ ಕೇಳಿ. ನಮ್ಮೂರಲ್ಲಿ ಓನರ್ ಮನೆ ಖಾಲಿ ಮಾಡಿ ಅಂದ್ರೆ ತಕ್ಷಣ ಪಾತ್ರೆ ಕಟ್ಟೋ ಅಭ್ಯಾಸ ನಮಗೆ, ಇಲ್ಲಿ ಅಷ್ಟು ಗಾಬರಿ ಬೇಡ.

ದುಡ್ಡಿನ ವಿಷ್ಯ: ಓನರ್ ಶುರುನಲ್ಲಿ ಕೇಳ್ಬಹುದಾಗಿರೋದು ಮೊದಲ ತಿಂಗಳು, ಕೊನೇ ತಿಂಗಳು, ಒಂದು ತಿಂಗಳ ಡಿಪಾಸಿಟ್, ಹೊಸ ಬೀಗದ ಖರ್ಚು, ಅಷ್ಟೇ. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ನೆನೆಸ್ಕೊಂಡು ನಕ್ಕಿದ್ದೂ ಆಯ್ತು. ಬ್ರೋಕರ್ ಫೀಸ್ ಆಗಸ್ಟ್ 2025ರಿಂದ ಯಾರು ಬ್ರೋಕರ್‌ನ ಇಟ್ಕೊಂಡ್ರೋ ಅವ್ರೇ ಕೊಡ್ಬೇಕು. ಓನರ್ ಇಟ್ಟಿರೋ ಬ್ರೋಕರ್ ನಿಮ್ಮತ್ರ ಕೈ ಚಾಚಿದ್ರೆ ಕೊಡ್ಬೇಡಿ.

ಇನ್ನೊಂದು, ಮನೆ ಒಪ್ಪೋ ಮುಂಚೆ ಈ ಬಿಲ್ಡಿಂಗೂ ಕಾಂಡೋ ಆಗತ್ತಾ ಅಂತ ಓನರ್‌ನ ಈಮೇಲ್‌ನಲ್ಲೇ ಕೇಳಿ, ಬಾಯಿಮಾತಲ್ಲಿ ಬೇಡ.