ಅಂಡಮಾನ್‌ಗೆ ಜ್ವಾಲಾಮುಖಿ ನೋಡಲು ಹೊರಟವರು ದಯವಿಟ್ಟು ಇದನ್ನು ಓದಿ

ಬರೆಯಲು ನಾಚಿಕೆ ಆಗುತ್ತಿದೆ. ಆದರೂ ಬರೆಯುತ್ತೇನೆ, ಯಾಕಂದ್ರೆ ದಸರೆ ರಜೆಗೆ ಹುಬ್ಬಳ್ಳಿ-ಧಾರವಾಡದ ಇನ್ನೂ ಎಷ್ಟೋ ಮನೆಯವರು ಇದೇ ಪ್ಯಾಕೇಜ್ ತಗೊಳ್ತಾರೆ.

ಹುಬ್ಬಳ್ಳಿಯ ಒಬ್ಬ ಏಜೆಂಟ್ ಹತ್ತಿರ ಅಂಡಮಾನ್ ಟೂರ್ ಬುಕ್ ಮಾಡಿದ್ದೆ. ಅವ್ವನೂ ಸೇರಿ ನಾಲ್ಕು ಜನ. ಮಾಮೂಲಿ ಟೂರ್ ಸಾಕಿತ್ತು. ಅವನೇ ಮೊಬೈಲ್‌ನಲ್ಲಿ ವಿಡಿಯೊ ತೋರಿಸಿದ. ಕತ್ತಲೆ ಸಮುದ್ರ, ಗುಡ್ಡದ ತುದಿಯಲ್ಲಿ ಕೆಂಪು ಬೆಂಕಿ. ‘ಹಡಗಿನ್ಯಾಗ ಕುಂತ ನೋಡೂದ್ರಿ ಸರ್, ಇಡೀ ದೇಶದಾಗ ಇದೊಂದ ಐತಿ. ಗ್ಯಾರಂಟಿ’ ಅಂದ. ದೇಶದಲ್ಲಿ ಬೆಂಕಿ ಉಗುಳುವ ಜ್ವಾಲಾಮುಖಿ ಒಂದೇ ಅನ್ನುವುದು ನಿಜ. ಅದು ಬ್ಯಾರನ್ ದ್ವೀಪ. ಪೋರ್ಟ್ ಬ್ಲೇರ್‌ನಿಂದ, ಅಂದರೆ ಈಗಿನ ಶ್ರೀ ವಿಜಯಪುರಂನಿಂದ, ಸುಮಾರು 140 ಕಿಲೋಮೀಟರ್. ಅಲ್ಲಿ ಇಳಿಯಲು ಬಿಡುವುದಿಲ್ಲ, ಹಡಗಿನಿಂದಲೇ ನೋಡಬೇಕು. ತಲೆಗೆ 9,000ದಂತೆ 36,000 ರೂಪಾಯಿ ಜಾಸ್ತಿ ಕೊಟ್ಟೆ. ಅವ್ವ ಓಣಿಗೆಲ್ಲ ಹೇಳಿಕೊಂಡು ಬಂದಿದ್ದಳು.

ಪಟ್ಟಿಯಲ್ಲಿ ‘ಮೂರನೇ ದಿನ: ಜ್ವಾಲಾಮುಖಿ ದರ್ಶನ, ಹಡಗು ಪ್ರಯಾಣ ಸಹಿತ’ ಅಂತ ಇತ್ತು. ನಸುಕಿನಲ್ಲೇ ಎಬ್ಬಿಸಿ ಕಾರು ಹತ್ತಿಸಿದರು. ಬಂದರಿಗೆ ಹೋಗ್ತೀವಿ ಅಂದುಕೊಂಡರೆ ಗಾಡಿ ಕಾಡಿನ ಕಡೆ ಹೊರಟಿತು, ಜಿರ್ಕಾಟಾಂಗ್ ಚೆಕ್‌ಪೋಸ್ಟ್‌ನಲ್ಲಿ ಸಾಲಿನಲ್ಲಿ ನಿಂತೆವು, ಜಾರವಾ ಜನರ ಕಾಡು ದಾಟಿದೆವು, ಆಮೇಲೆ ಬಸ್ಸು ಕಾರುಗಳನ್ನೂ ಹೊತ್ತು ದಾಟಿಸುವ ಒಂದು ಫೆರಿ, ಆಗಲೂ ನಾನು ಹಡಗು ಮುಂದೆ ಎಲ್ಲೋ ಇದೆ ಅಂತಲೇ ಕಾಯುತ್ತಿದ್ದೆ. ಬಾರಾಟಾಂಗ್‌ನಲ್ಲಿ ಇಳಿಸಿ, ಮೆಟ್ಟಿಲು ಹತ್ತಿಸಿ, ಒಂದು ಬೇಲಿ ಪಕ್ಕ ನಿಲ್ಲಿಸಿದರು. ಒಳಗೆ ಬೂದು ಬಣ್ಣದ ಕೆಸರು. ಆಗೊಂದು ಈಗೊಂದು ಗುಳ್ಳೆ. ಮಣ್ಣಿನ ಜ್ವಾಲಾಮುಖಿಯಂತೆ! ನೆಲದೊಳಗಿನ ಅನಿಲ ಕೆಸರನ್ನು ಮೇಲಕ್ಕೆ ತಳ್ಳುತ್ತದೆ, ಅಷ್ಟೇ. ಬೆಂಕಿ ಇಲ್ಲ, ಲಾವಾ ಇಲ್ಲ. ಮೊಣಕಾಲು ನೋವಿನ ಅವ್ವ ಒಂದೊಂದೇ ಮೆಟ್ಟಿಲು ಹತ್ತಿ ಬಂದು ‘ಎಲ್ಲೈತೋ ತಮ್ಮಾ ಬೆಂಕಿ?’ ಅಂದಳು. ನನಗೆ ಬಾಯಿ ಬರಲಿಲ್ಲ.

ಸಂಜೆ ಸಿಗ್ನಲ್ ಸಿಕ್ಕ ಕೂಡಲೇ ಫೋನ್ ಮಾಡಿದೆ. ‘ಜ್ವಾಲಾಮುಖಿ ಅಂತ ಬರದಿತ್ತು, ತೋರ್ಸಿಲ್ಲೇನ್ರಿ? ಹಡಗು ಅಂದಿದ್ವಿ, ಹತ್ತಿಸಿಲ್ಲೇನ್ರಿ?’ ಆ ಫೆರಿಗೆ ಹಡಗು ಅಂತಾನೆ! ಮತ್ತೆ ಆ ವಿಡಿಯೊ? ‘ಅದು ಸುಮ್ನ ಸ್ಯಾಂಪಲ್ರಿ.’ ಊರಿಗೆ ಬಂದು ಅಂಗಡಿಗೆ ಹೋದರೆ, ‘ಬ್ಯಾರನ್ ಅಂತ ಎಲ್ಲಿ ಬರದೀವಿ, ತೋರ್ಸ್ರಿ’ ಅಂದ. ಬಿಲ್ಲು ನೋಡಿದೆ. ಎಲ್ಲೂ ಇಲ್ಲ. ಒಂದು ಕಡೆಯೂ ಇಲ್ಲ.

ಬಾರಾಟಾಂಗ್ ಕೆಟ್ಟ ಜಾಗ ಅನ್ನುತ್ತಿಲ್ಲ. ಆದರೆ ನಾನು ದುಡ್ಡು ಕೊಟ್ಟಿದ್ದು ಅದಕ್ಕಲ್ಲ. ಬಿಲ್ಲಿನಲ್ಲಿ ‘ಬ್ಯಾರನ್ ದ್ವೀಪ’ ಅಂತ ಹೆಸರು ಹಿಡಿದು ಬರೆಸಿಕೊಳ್ಳಿ. ಹಡಗಿನ ಹೆಸರು, ಹೊರಡುವ ಹೊತ್ತು ಕೂಡ. ‘ಗ್ಯಾರಂಟಿ ಬೆಂಕಿ’ ಅಂದವನ ಮುಂದೆ ಪರ್ಸ್ ತೆಗೆಯಲೇಬೇಡಿ. 1991ರಿಂದ ಅದು ಆಗಾಗ ಉಗುಳುತ್ತದೆ, ದಿನಾಲೂ ಅಲ್ಲ. 2017ರಲ್ಲಿ ಗೋವಾದ ಸಾಗರ ವಿಜ್ಞಾನಿಗಳು ಹತ್ತಿರದಿಂದ ನೋಡಿದಾಗಲೂ ಹಗಲಲ್ಲಿ ಬರೀ ಬೂದಿ, ಕೆಂಪು ಲಾವಾ ಕಂಡಿದ್ದು ಹೊತ್ತು ಮುಳುಗಿದ ಮೇಲೆ.

ದುಡ್ಡು ವಾಪಸ್ ಬಂದಿಲ್ಲ. ‘ಮುಂದಿನ ಟೂರ್‌ನ್ಯಾಗ ಡಿಸ್ಕೌಂಟ್ ಕೊಡ್ತೀನ್ರಿ’ ಅಂತಾನೆ. ಬಿಲ್ಲು, ಮೆಸೇಜು ಎಲ್ಲ ಜೋಡಿಸಿಟ್ಟಿದ್ದೇನೆ, ಸೋಮವಾರ ಧಾರವಾಡದ ಗ್ರಾಹಕರ ಆಯೋಗಕ್ಕೆ ಹೋಗುತ್ತಿದ್ದೇನೆ. ಇದೇ ವಿಡಿಯೊ ತೋರಿಸಿ ನಿಮ್ಮಿಂದಲೂ ದುಡ್ಡು ಕಿತ್ತಿದ್ದರೆ ತಿಳಿಸಿ, ಜೊತೆಗೇ ದೂರು ಕೊಡೋಣ.