5.38, 4.88, 4.27: ಮಲೆನಾಡಿನ ಡೀಸೆಲ್ ಜೀಪಿಗೆ ಯಾವ ಕ್ರೌನ್-ಪಿನಿಯನ್?

ಕ್ರೌನ್-ಪಿನಿಯನ್ ಅಂದರೆ ಆಕ್ಸಲ್ ಒಳಗೆ ಚಕ್ರಗಳನ್ನು ತಿರುಗಿಸುವ ಹಲ್ಲುಚಕ್ರಗಳ ಜೋಡಿ. ಹಳೇ ಜೀಪಿಗೆ ಎರಡೂವರೆ ಲೀಟರಿನ ಡಿಐ (ಡೈರೆಕ್ಟ್ ಇಂಜೆಕ್ಷನ್) ಡೀಸೆಲ್ ಎಂಜಿನ್ ಕೂರಿಸಿದವರಿಗೆಲ್ಲ ಅದರ ಬಗ್ಗೆ ಸಿಗುವ ಸಲಹೆ ಒಂದೇ: "5.38 ತೆಗೆಸಿ, 4.27 ಹಾಕಿಸಿ." ಬಯಲುಸೀಮೆಗೆ ಸರಿ. ತೀರ್ಥಹಳ್ಳಿ, ಆಗುಂಬೆ, ಹೊಸನಗರದಲ್ಲಿ ಹೊರೆ ಹೊತ್ತು ಓಡುವ ಜೀಪಿಗೆ ಸರಿಯಲ್ಲ. ಮೂರನ್ನೂ ಓಡಿಸಿ ನೋಡಿಯೇ ಈ ಮಾತು ಹೇಳುತ್ತಿದ್ದೇನೆ. ನನ್ನ ಜೀಪಿನಲ್ಲಿ ಮೊದಲು 5.38 ಇತ್ತು, ಈಗ 4.88 ಇದೆ. ದೊಡ್ಡಪ್ಪನ ಮಗನ ಜೀಪಿನಲ್ಲಿ 4.27. ಎರಡಕ್ಕೂ ಎಂಜಿನ್ ಒಂದೇ, ಟೈರ್ 6.00-16, ಹೊರುವುದೂ ಅಡಿಕೆ, ಗೊಬ್ಬರವೇ.

ಈ ನಂಬರ್ ಏನು ಅಂತ ಗೊತ್ತಿಲ್ಲದವರಿಗೆ: ಚಕ್ರ ಒಂದು ಸುತ್ತು ಸುತ್ತಲು ಪ್ರೊಪೆಲ್ಲರ್ ಶಾಫ್ಟ್ (ಎಂಜಿನ್ ಕಡೆಯಿಂದ ಆಕ್ಸಲ್‌ಗೆ ಬರುವ ದಂಡ) ಎಷ್ಟು ಸುತ್ತಬೇಕು ಅನ್ನುವ ಲೆಕ್ಕ, ಅಂದರೆ ರೇಷಿಯೋ, ಅದು. ನಂಬರ್ ದೊಡ್ಡದಾದಷ್ಟೂ ಎಳೆತ ಜಾಸ್ತಿ, ವೇಗ ಕಡಿಮೆ. 5.38ರಲ್ಲಿ ಪಿನಿಯನ್‌ಗೆ 8 ಹಲ್ಲು, ಕ್ರೌನ್‌ಗೆ 43. 4.88 ಅಂದರೆ 8ಕ್ಕೆ 39. 4.27 ಅಂದರೆ 11ಕ್ಕೆ 47. ಟಾಪ್ ಗೇರು ನೇರ ಇರುವುದರಿಂದ, ಅಂದರೆ ಎಂಜಿನ್ ಸುತ್ತಿದಷ್ಟೇ ಶಾಫ್ಟೂ ಸುತ್ತುವುದರಿಂದ, ಲೆಕ್ಕ ಸುಲಭ. 60 ಕಿ.ಮೀ. ವೇಗದಲ್ಲಿ ಎಂಜಿನ್ 5.38ರಲ್ಲಿ ನಿಮಿಷಕ್ಕೆ ಸುಮಾರು 2400 ಸುತ್ತು, 4.88ರಲ್ಲಿ 2180, 4.27ರಲ್ಲಿ 1900.

5.38 ಹುಟ್ಟಿದ್ದೇ ಪೆಟ್ರೋಲ್ ಎಂಜಿನ್‌ಗೆ. ಯುದ್ಧಕಾಲದ ವಿಲ್ಲೀಸ್ ಜೀಪಿಗೆ 4.88 ಇತ್ತು. 1945ರಲ್ಲಿ ರೈತರಿಗಾಗಿ ಸಿಜೆ-2ಎ ಅನ್ನುವ ಜೀಪು ಮಾಡಿದಾಗ, ನೇಗಿಲು ಎಳೆಯುವ ದಮ್ ಬೇಕು ಅಂತ 5.38 ಕೊಟ್ಟರು. ಪೆಟ್ರೋಲ್ ಎಂಜಿನ್ 4000 ಸುತ್ತಿನವರೆಗೆ ಸುತ್ತುತ್ತದೆ, ಡೀಸೆಲ್ ಅಷ್ಟು ಸುತ್ತುವುದಿಲ್ಲ. ಹಾಗಾಗಿ ಡೀಸೆಲ್ ಜೀಪಿನಲ್ಲಿ 5.38 ಇಟ್ಟುಕೊಂಡು ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಹೊರಟರೆ ಮಂಡಗದ್ದೆ ದಾಟುವ ಹೊತ್ತಿಗೆ ಕಿವಿ ಗುಂಯ್ ಅನ್ನುತ್ತಿರುತ್ತದೆ. 80ಕ್ಕೆ ಹೋದರೆ 3200 ಸುತ್ತು, ಅಂದರೆ ಎಂಜಿನ್‌ನ ಕೊನೆ. ಬಸ್ಸುಗಳೆಲ್ಲ ಹಾರ್ನ್ ಹೊಡೆದು ದಾಟಿ ಹೋಗುತ್ತವೆ. ಆದರೆ ತೋಟದಲ್ಲಿ ಇದರಷ್ಟು ಸುಖ ಇನ್ನೊಂದಿಲ್ಲ. ಮಳೆಗಾಲದಲ್ಲಿ ಜಾರುವ ಕೆಮ್ಮಣ್ಣಿನ ಏರಿನಲ್ಲಿ ಆಕ್ಸಿಲರೇಟರ್ ಮುಟ್ಟದೆ, ಸುಮ್ನೆ ಕ್ಲಚ್ ಬಿಟ್ಟರೆ ಸಾಕು, ತಾನೇ ಹತ್ತುತ್ತದೆ.

4.27 ಇದಕ್ಕೆ ಪೂರ್ತಿ ಉಲ್ಟಾ. ಗಾಜನೂರು, ಸಕ್ರೆಬೈಲು ಕಡೆಯ ರಸ್ತೆಯಲ್ಲಿ 70ರಲ್ಲಿ ಆರಾಮಾಗಿ ಹೋಗುತ್ತದೆ, ಪಕ್ಕದವರ ಜೊತೆ ಮಾತಾಡಬಹುದು, ಡೀಸೆಲ್ಲೂ ಉಳಿಯುತ್ತದೆ. ತೊಂದರೆ ಶುರುವಾಗುವುದು ಸೋಮೇಶ್ವರದಿಂದ ಆಗುಂಬೆ ಘಾಟಿ ಹತ್ತುವಾಗ. 14 ಹೇರ್‌ಪಿನ್ ತಿರುವು, ಹಿಂದೆ ಹೊರೆ. ತಿರುವಿನಲ್ಲಿ ಸೆಕೆಂಡ್ ಗೇರಿನಲ್ಲಿ ಎಂಜಿನ್ ಗುದ್ದಲು ಶುರು ಮಾಡುತ್ತದೆ, ಫಸ್ಟಿಗೆ ಇಳಿಸಿದರೆ ಆಮೆ ವೇಗ, ಮುಂದೆ ಬಸ್ಸು ಸಿಕ್ಕು ನಿಂತು ಮತ್ತೆ ಹೊರಡಬೇಕಾದರೆ ಕ್ಲಚ್ ಉಜ್ಜಿ ಉಜ್ಜಿ ಸುಟ್ಟ ವಾಸನೆ ಬರುತ್ತದೆ. ಲೋ (ಎಳೆತ ಹೆಚ್ಚಿಸಿ ವೇಗ ತಗ್ಗಿಸುವ ಇನ್ನೊಂದು ಗೇರು) ಹಾಕಬಹುದಲ್ವಾ ಅಂತ ಕೇಳುತ್ತಾರೆ. ಜೀಪಿನಲ್ಲಿ ಲೋ ಬೇಕಾದರೆ ಫೋರ್ ವೀಲೂ ಹಾಕಬೇಕು, ಒಣ ಡಾಂಬರಿನ ತಿರುವಿನಲ್ಲಿ ಅದನ್ನು ಹಾಕಿದರೆ ಮುಂದಿನ, ಹಿಂದಿನ ಆಕ್ಸಲ್ ಒಂದನ್ನೊಂದು ಎಳೆದಾಡಿ ಗೇರ್‌ಬಾಕ್ಸಿಗೇ ಪೆಟ್ಟು. ಕೊಡಚಾದ್ರಿಯ ಕಲ್ಲುದಾರಿಯಲ್ಲಿ ಮಾತ್ರ 4.27 ಕೈಕೊಡುವುದಿಲ್ಲ. ಅಲ್ಲಿ ಲೋ ಹಾಕಬಹುದು, ಎಳೆತ ಸುಮಾರು ಎರಡೂವರೆ ಪಟ್ಟು ಆಗುತ್ತದೆ.

ಇಳಿಯುವಾಗಿನ ವ್ಯತ್ಯಾಸ ಯಾರೂ ಹೇಳುವುದಿಲ್ಲ, ನನಗೆ ಅದೇ ಮುಖ್ಯ. 4.27ರಲ್ಲಿ ಸೆಕೆಂಡಿನಲ್ಲಿ ಇಳಿದರೆ ಗಾಡಿ ಮುಂದಕ್ಕೆ ತಳ್ಳುತ್ತಲೇ ಇರುತ್ತದೆ, ಬ್ರೇಕ್ ಮೇಲಿಂದ ಕಾಲು ತೆಗೆಯುವ ಹಾಗಿಲ್ಲ, ಬ್ರೇಕ್ ಡ್ರಮ್ ಬಿಸಿಯಾಗುತ್ತದೆ. 5.38ರಲ್ಲಿ ಎಂಜಿನ್ನೇ ಹಿಡಿದು ನಿಲ್ಲಿಸುತ್ತದೆ.

4.88 ಹಾಕಿಸಿದ ಮೇಲೆ ಅದೇ ಘಾಟಿಯನ್ನು ಅದೇ ಹೊರೆಯಲ್ಲಿ ಹತ್ತಿದೆ. ಹೆಚ್ಚಿನ ತಿರುವುಗಳನ್ನು ಸೆಕೆಂಡಿನಲ್ಲೇ ಎಳೆಯಿತು, ಇಳಿಯುವಾಗ ಹಿಡಿತವೂ ಇತ್ತು. ಶಿವಮೊಗ್ಗ ರಸ್ತೆಯಲ್ಲಿ 65ರವರೆಗೆ ಹಾಯಾಗಿ ಹೋಗುತ್ತದೆ, ಅದರ ಮೇಲೆ ಸದ್ದು ಜಾಸ್ತಿ. ನಮ್ಮ ರಸ್ತೆಗೆ ಅಷ್ಟು ಸಾಕು. ನನ್ನ ಓಟು ಇದಕ್ಕೇ. ವಾರಕ್ಕೆ ನಾಲ್ಕು ದಿನ ಶಿವಮೊಗ್ಗಕ್ಕೆ ಖಾಲಿ ಗಾಡಿ ಓಡಿಸುವವರಾದರೆ 4.27 ತಗೊಳ್ಳಿ. ತೋಟ ಬಿಟ್ಟು ಹೊರಗೇ ಬರದ ಜೀಪಾದರೆ 5.38 ಇರಲಿ, ಕೈ ಹಾಕಬೇಡಿ.

ಅಮೆರಿಕದಲ್ಲಿ ಆಟೋಮ್ಯಾಟಿಕ್ ಮಸ್ಟ್ಯಾಂಗ್ ಕಾರು ಇರುವವರು 3.31 ತೆಗೆದು 3.73 ಹಾಕುತ್ತಾರೆ, ಹೊರಡುವಾಗ ಜೋರು ಬೇಕು ಅಂತ. ಅವರಿಗೆ ಕ್ಲಚ್ ಬದಲು ಟಾರ್ಕ್ ಕನ್ವರ್ಟರ್ ಇದೆ, ಹೊರಡುವ ಹೊತ್ತಿಗೆ ಅದೇ ಎಳೆತ ಹೆಚ್ಚಿಸಿಕೊಡುತ್ತದೆ. ನಮಗೆ ಕ್ಲಚ್ ಪ್ಲೇಟ್ ಒಂದೇ ಗತಿ. ಅದಕ್ಕೇ ಏರಿನಲ್ಲಿ ರೇಷಿಯೋ ನಮಗೆ ಇನ್ನೂ ಜಾಸ್ತಿ ಮುಖ್ಯ.

ಹಾಕಿಸುವವರು ಹಿಂದಿನ ಆಕ್ಸಲ್‌ನದನ್ನು ಮಾತ್ರ ಬದಲಿಸಬೇಡಿ. "ಫೋರ್ ವೀಲ್ ಯಾವಾಗಲೋ ಒಮ್ಮೆ ಹಾಕೋದು, ಮುಂದಿನದು ಇರಲಿ ಬಿಡಿ" ಅನ್ನುವ ಮೇಸ್ತ್ರಿ ಸಿಕ್ಕರೆ ಬೇರೆ ಕಡೆ ಹೋಗಿ. ಎರಡೂ ಕಡೆ ಒಂದೇ ರೇಷಿಯೋ ಇಲ್ಲದೆ ಫೋರ್ ವೀಲ್ ಹಾಕಿದರೆ ಏನಾದರೊಂದು ಮುರಿಯುತ್ತದೆ. ಮುಂದಿನದಕ್ಕೆ ಬೇರೆ ಸೆಟ್ಟೇ ಬೇಕು, ಖರ್ಚು ಡಬಲ್ ಅಂತ ಮೊದಲೇ ಲೆಕ್ಕ ಹಾಕಿಕೊಳ್ಳಿ. ಕ್ರೌನ್, ಪಿನಿಯನ್ ಜೋಡಿಯಾಗಿಯೇ ಬರಬೇಕು. ಕೂರಿಸುವಾಗ ಪಕ್ಕದಲ್ಲೇ ನಿಲ್ಲಿ. ಹಲ್ಲಿಗೆ ಬಣ್ಣ ಹಚ್ಚಿ ತಿರುಗಿಸಿದಾಗ ಗುರುತು ಹಲ್ಲಿನ ನಡುವೆ ಬೀಳಬೇಕು, ತುದಿಗೋ ಬುಡಕ್ಕೋ ಬಿದ್ದರೆ ಶಿಮ್ (ಅಂತರ ಸರಿಪಡಿಸುವ ತೆಳು ತಗಡು) ಬದಲಿಸಿ ಮತ್ತೆ ನೋಡಬೇಕು. ಸಂಜೆಯಾಯ್ತು ಅಂತ ಇದನ್ನು ಬಿಟ್ಟರೆ ಸ್ವಲ್ಪ ದಿನದಲ್ಲೇ ಹಿಂದಿನಿಂದ ಊಳಿಡುವ ಸದ್ದು ಶುರುವಾಗುತ್ತದೆ.

ಸ್ಪೀಡೋಮೀಟರ್ ಕೇಬಲ್ ಬರುವುದು ಆಕ್ಸಲ್‌ಗಿಂತ ಮೊದಲೇ ಇರುವ ಟ್ರಾನ್ಸ್‌ಫರ್ ಕೇಸಿನಿಂದ (ಎರಡೂ ಆಕ್ಸಲ್‌ಗೆ ಎಳೆತ ಹಂಚುವ ಪೆಟ್ಟಿಗೆ), ಹಾಗಾಗಿ ರೇಷಿಯೋ ಬದಲಿಸಿದರೆ ಅದೂ ತಪ್ಪು ತೋರಿಸುತ್ತದೆ. 5.38ರಿಂದ 4.88ಕ್ಕೆ ಬಂದರೆ ನಿಜವಾದ 60, ಮೀಟರಿನಲ್ಲಿ 54. 4.27 ಆದರೆ 48. ಓಡಿದ ಕಿಲೋಮೀಟರೂ ಅಷ್ಟೇ ಕಡಿಮೆ ದಾಖಲಾಗುತ್ತದೆ. ಮೈಲೇಜ್ ಬಿತ್ತು ಅಂತ ಮೇಸ್ತ್ರಿ ಹತ್ತಿರ ಜಗಳಕ್ಕೆ ಹೋಗುವ ಮೊದಲು ಮೊಬೈಲಿನ ಜಿಪಿಎಸ್‌ನಲ್ಲಿ ಒಮ್ಮೆ ತಾಳೆ ನೋಡಿ.