ಜಾಯಿಕಾಯಿಯ ಜಾಡಿನಲ್ಲಿ ಆ್ಯಮ್‌ಸ್ಟರ್‌ಡ್ಯಾಮ್: ಒಂದು ಕಾಲ್ನಡಿಗೆ ಪ್ರವಾಸದ ವಿಮರ್ಶೆ

ಡಚ್ಚರ ಆರಂಭಿಕ ಸಮುದ್ರಯಾನದ ಕಥೆಯನ್ನು ಆ್ಯಮ್‌ಸ್ಟರ್‌ಡ್ಯಾಮ್‌ನ ಬೀದಿಗಳಲ್ಲೇ ಹೇಳುತ್ತ ಸಾಗುವ ಮೂರು ಗಂಟೆಗಳ ಈ ನಡಿಗೆ ಶುರುವಾಗುವುದು ಸ್ಕ್ರೈಯರ್ಸ್‌ಟೋರೆನ್ ಎಂಬ ಹಳೆಯ ಕಾವಲುಗೋಪುರದ ಬುಡದಲ್ಲಿ. 1595ರಲ್ಲಿ ಪೂರ್ವದೇಶಗಳತ್ತ ಹೊರಟ ಮೊದಲ ನಾಲ್ಕು ಡಚ್ ಹಡಗುಗಳ ನೆನಪಿಗೆ ಅಲ್ಲೊಂದು ಫಲಕವಿದೆ. ಅವುಗಳ ಮುಖಂಡ ಕಾರ್ನೆಲಿಸ್ ಡಿ ಹೌಟ್‌ಮನ್‌ನೊಂದಿಗೆ ಹೋದ ಸುಮಾರು 240 ಮಂದಿಯಲ್ಲಿ 1597ರಲ್ಲಿ ಮರಳಿದವರು ನೂರಕ್ಕಿಂತ ಕಡಿಮೆ. ಗೋವಾದ ಆರ್ಚ್‌ಬಿಷಪ್ಪರ ಕಾರ್ಯದರ್ಶಿಯಾಗಿದ್ದ ಲಿನ್‌ಸ್ಕೋಟನ್ ಎಂಬ ಡಚ್ಚ, ಪೋರ್ಚುಗೀಸರು ಗುಟ್ಟಾಗಿಟ್ಟುಕೊಂಡಿದ್ದ ನೌಕಾಮಾರ್ಗದ ವಿವರಗಳನ್ನು ಊರಿಗೆ ತಂದ ಪ್ರಸಂಗವನ್ನು ನಮ್ಮ ಮಾರ್ಗದರ್ಶಕರು ಪತ್ತೇದಾರಿ ಕಥೆಯಂತೆ ಸೊಗಸಾಗಿ ಹೇಳಿದರು.

ಅವರು ನಿಜಕ್ಕೂ ಮಿಂಚಿದ್ದು ಹಣದ ವಿಷಯ ಬಂದಾಗ. 1602ರಲ್ಲಿ ಹುಟ್ಟಿದ ಡಚ್ ಈಸ್ಟ್ ಇಂಡಿಯಾ ಕಂಪನಿಗೆ ಸುಮಾರು 64 ಲಕ್ಷ ಗಿಲ್ಡರ್ (ಅಂದಿನ ಡಚ್ ನಾಣ್ಯ) ಬಂಡವಾಳ ಕೂಡಿತು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಈ ಒಂದೇ ಊರಿನದು. ಷೇರಿನ ಪುಸ್ತಕವನ್ನು ಇಟ್ಟಿದ್ದ ಡಿರ್ಕ್ ವಾನ್ ಓಸ್‌ನ ಮನೆಗೆಲಸದವಳಾದ ನೇಲ್ಟ್‌ಗೆನ್ ಕಾರ್ನೆಲಿಸ್ ಕೂಡ ಅದರಲ್ಲಿ 100 ಗಿಲ್ಡರ್ ಬರೆಸಿದಳೆಂದು ಕೇಳಿದಾಗ, ಅಲ್ಲಿಯವರೆಗೆ ಮೊಬೈಲ್ ನೋಡುತ್ತಿದ್ದವರೂ ತಲೆಯೆತ್ತಿದರು. ಕಂಪನಿಯ ಹಳೆಯ ಕಚೇರಿಯ ಅಂಗಳದಲ್ಲಿ ನಮ್ಮ ಅಂಗೈಗೆ ಎರಡೆರಡು ಜಾಯಿಕಾಯಿ ಬಂದವು: ಒಂದು ಕಂದು, ಇನ್ನೊಂದು ಸುಣ್ಣ ಮೆತ್ತಿ ಬೂದಿಬಣ್ಣಕ್ಕೆ ತಿರುಗಿದ್ದು. ಕಾಯಿ ಬೇರೆಡೆ ಮೊಳೆಯದಿರಲೆಂದು ಡಚ್ಚರು ಅದನ್ನು ಸುಣ್ಣದ ನೀರಿನಲ್ಲಿ ಅದ್ದುತ್ತಿದ್ದರಂತೆ. ಬೆರಳಿಗೆ ಹತ್ತಿದ ಪುಡಿ ಒರೆಸಿದರೂ ಪೂರ್ತಿ ಹೋಗಲಿಲ್ಲ.

ಆಕ್ಷೇಪವಿರುವುದು ಇದರ ನಂತರದ ಭಾಗದ ಬಗ್ಗೆ. ಆ ಜಾಯಿಕಾಯಿ ಬೆಳೆಯುತ್ತಿದ್ದ, ಇಂದಿನ ಇಂಡೋನೇಷ್ಯಾದ ಬಂಡಾ ದ್ವೀಪಗಳನ್ನು 1621ರಲ್ಲಿ ಕಂಪನಿಯ ಗವರ್ನರ್ ಜನರಲ್ ಯಾನ್ ಪೀಟರ್‌ಸೋನ್ ಕೂನ್ ಗೆದ್ದಾಗ, ಅಂದಾಜು 15,000 ನಿವಾಸಿಗಳಲ್ಲಿ ಬಹುಪಾಲು ಜನ ಸತ್ತರು, ಗುಲಾಮರಾಗಿ ಸಾಗಿಸಲ್ಪಟ್ಟರು ಅಥವಾ ಓಡಿಹೋದರು. ತೋಟಗಳನ್ನು ಗುಲಾಮರ ದುಡಿಮೆಯಿಂದ ನಡೆಸಲಾಯಿತು. ಇದಕ್ಕೆ ನಮ್ಮ ಪ್ರವಾಸದಲ್ಲಿ ಸಿಕ್ಕಿದ್ದು ಒಂದೇ ವಾಕ್ಯ, ಅದೂ ಸೇತುವೆ ದಾಟುವಾಗ. ಅದೇ ದ್ವೀಪಸಮೂಹದ ರನ್ ದ್ವೀಪವನ್ನು ಕೊಟ್ಟು ಇಂಗ್ಲಿಷರು ಮ್ಯಾನ್‌ಹಟನ್ ಪಡೆದರೆಂಬ ಜನಪ್ರಿಯ ಕಥೆಗೆ ಮಾತ್ರ ಕಾಲು ಗಂಟೆ ಮೀಸಲಾಗಿತ್ತು. ಇಂಗ್ಲಿಷ್-ಡಚ್ ಯುದ್ಧವನ್ನು ಮುಗಿಸಿದ 1667ರ ಬ್ರೆಡಾ ಒಪ್ಪಂದವು ಗೆದ್ದದ್ದು ಗೆದ್ದವರಲ್ಲೇ ಉಳಿಯಲೆಂದು ಒಪ್ಪಿದ್ದೇ ಹೊರತು ಅಂಗಡಿಯಲ್ಲಿ ಸಾಮಾನು ಬದಲಾಯಿಸಿದಂತಿರಲಿಲ್ಲ. ಕೇಳಿದರೆ ಮಾರ್ಗದರ್ಶಕರು ತಕ್ಷಣ ಒಪ್ಪಿಕೊಂಡರು. ಅವರಿಗೆ ಗೊತ್ತಿದೆ, ಹೇಳುವುದಿಲ್ಲ ಅಷ್ಟೆ. ಹಾಗಾಗಿ ಐದಕ್ಕೆ ಮೂರೂವರೆ.

ನಡಿಗೆ ಮುಗಿಯುವುದು ಸಾಗರ ವಸ್ತುಸಂಗ್ರಹಾಲಯದ ಮುಂದೆ ನಿಂತಿರುವ 'ಆ್ಯಮ್‌ಸ್ಟರ್‌ಡ್ಯಾಮ್' ಹಡಗಿನ ಪ್ರತಿಕೃತಿಯ ಎದುರು; ಒಳಗೆ ಹೋಗಲು ಬೇರೆ ಟಿಕೆಟ್ ಕೊಳ್ಳಬೇಕು. ಮೂಲ ಹಡಗು 1749ರಲ್ಲಿ ಮೊದಲ ಯಾನದಲ್ಲೇ ಇಂಗ್ಲೆಂಡಿನ ದಡದಲ್ಲಿ ಸಿಕ್ಕಿಬಿದ್ದದ್ದು, ಅಂದರೆ ಹೌಟ್‌ಮನ್‌ನಿಗಿಂತ ಒಂದೂವರೆ ಶತಮಾನ ಈಚಿನದು. ಆದರೂ ಕೊಂಡು ನೋಡಿ. ಕೆಳಗಿನ ಅಟ್ಟದಲ್ಲಿ ಹಣೆ ಎರಡು ಸಲ ತೊಲೆಗೆ ಬಡಿದ ಮೇಲೆ ನಾನು ಬಗ್ಗಿಯೇ ನಡೆದೆ.